ಬಿಳಿ ಬಿಲ್ಲೆಗೆ ಹಚ್ಚಿದ ಭಂಡಾರ

ವಾಡಿಯಲ್ಲಿ ಕೆಲಸ ಎಂದರೆ ಜನರಿಗೆ ಗೊತ್ತಿರುವುದು ಎರಡೇ: ರೈಲು, ಇಲ್ಲವೇ ಸಿಮೆಂಟು. ನಾನು ಎರಡರಲ್ಲೂ ಇರಲಿಲ್ಲ. 'ಬಟ್ಟೆಯ ಬಣ್ಣ ನೋಡುವ ಕೆಲಸ' ಎಂದರೆ ಎದುರಿಗಿದ್ದವರು ನನ್ನನ್ನೇ ಮೇಲಿಂದ ಕೆಳಗೆ ಒಮ್ಮೆ ನೋಡುತ್ತಿದ್ದರು. ಮಗಳ ಮದುವೆ ಮಾತುಕತೆಗೆ ಸೇಡಂನಿಂದ ಬಂದಿದ್ದ ಬೀಗರಂತೂ ಚಹಾದ ಕಪ್ಪು ಕೆಳಗಿಟ್ಟು, "ಬರೇ ನೋಡೋದಕ್ಕ ಪಗಾರ ಕೊಡ್ತಾರೇನ್ರಿ ಶರಣಪ್ಪನೋರೆ?" ಎಂದು ಕೇಳಿಯೇ ಬಿಟ್ಟರು.

"ನೋಡೋದಕ್ಕ ಅಲ್ರಿ. ನೋಡಿದ್ದು ಖರೇ ಅದನೋ ಇಲ್ಲೋ ಅಂತ ಮತ್ತೊಮ್ಮಿ ನೋಡೋದಕ್ಕ ಕೊಡ್ತಾರ" ಎಂದೆ. ಅವರಿಗೆ ಅದು ಉತ್ತರ ಅನ್ನಿಸಲಿಲ್ಲ. ಆದರೂ ಸಂಬಂಧ ಕೂಡಿಬಂತು.

ಈಗ ನಾನು ನಿವೃತ್ತ. ಗಾರ್ಮೆಂಟ್ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ಕೆಲವರು ಮನೆಗೆ ಬರುತ್ತಾರೆ. "ಈಗ ಎಲ್ಲಾ ಮಷೀನೇ ನೋಡ್ತದಲ್ಲ ಕಾಕಾ, ನಾವೇನ್ ನೋಡೋದು?" ಎನ್ನುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಆ ಕಥೆ ಶುರುವಾದರೆ ನನ್ನ ಹೆಂಡತಿಗೇ ಆಕಳಿಕೆ ಬರುತ್ತದೆ.

ನಮ್ಮ ಕಾರ್ಖಾನೆ ಶಹಾಬಾದಿನ ರಸ್ತೆಯಲ್ಲಿತ್ತು. ಶರ್ಟು ಹೊಲಿಯುವ ಕಾರ್ಖಾನೆ. ಬಟ್ಟೆ ಹೊರಗಿನ ಗಿರಣಿಗಳಿಂದ ರೋಲು ರೋಲಾಗಿ ಬರುತ್ತಿತ್ತು. ಒಂದೇ ಗಿರಣಿ, ಒಂದೇ ಬಣ್ಣ, ಒಂದೇ ಹೆಸರು. ಆದರೂ ಒಂದು ಸಲ ಅದ್ದಿದ ಬಟ್ಟೆಗೂ ಇನ್ನೊಂದು ಸಲ ಅದ್ದಿದ ಬಟ್ಟೆಗೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಒಂದೇ ಕೈಯ ಅಡುಗೆಯೂ ದಿನಕ್ಕೊಂದು ರುಚಿ ಆಗುವುದಿಲ್ಲವೇ, ಹಾಗೆ. ಶರ್ಟಿನ ಎದೆಯನ್ನು ಒಂದು ರೋಲಿನಿಂದ, ತೋಳನ್ನು ಇನ್ನೊಂದರಿಂದ ಕತ್ತರಿಸಿದರೆ, ಹೊಲಿದಾದ ಮೇಲೆ ತೋಳು ಬೇರೆಯವರಿಂದ ಕಡ ತಂದಂತೆ ಕಾಣುತ್ತದೆ. ಹಾಗಾಗದಂತೆ ಪ್ರತಿ ರೋಲಿನ ತುದಿಯಿಂದ ಒಂದು ತುಂಡು ಕತ್ತರಿಸಿ, ಎಲ್ಲ ತುಂಡುಗಳನ್ನು ಕೌದಿಯಂತೆ ಒಟ್ಟಿಗೆ ಹೊಲಿದು, ಯಾವುದು ಯಾವುದಕ್ಕೆ ಹೊಂದುತ್ತದೆ ಎಂದು ಗುಂಪು ಮಾಡುವುದು ನಮ್ಮ ಕೆಲಸ. ಆ ಕೋಣೆಗೆ ಶೇಡ್ ರೂಮ್ ಎನ್ನುತ್ತಿದ್ದೆವು.

ನನಗೆ ಕೆಲಸ ಕಲಿಸಿದವರು ಸೊಲ್ಲಾಪುರದ ಗಿರಣಿಯಲ್ಲಿ ಕೂದಲು ನೆರೆಸಿಕೊಂಡು ಬಂದಿದ್ದ ಪಾಂಡುರಂಗ ಮಾಸ್ತರು. ಮೊದಲ ದಿನವೇ ನನ್ನನ್ನು ಕೋಣೆಯ ಹೊರಗೆ ನಿಲ್ಲಿಸಿದರು. ನಾನು ಹೊಸ ಕೆಲಸವೆಂದು ಕೇಸರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಗೋಡೆ ಬೂದು, ಮೇಜು ಬೂದು, ಮಾಸ್ತರರ ಕೋಟೂ ಬೂದು. ಅಲ್ಲಿ ನಾನೊಬ್ಬನೇ ಚೆಂಡುಹೂವು.

"ನಿನ್ನ ಅಂಗಿ ಬಣ್ಣ ಬಿಳಿ ಬಟ್ಟಿ ಮ್ಯಾಲ ಬೀಳ್ತದ. ಆಮ್ಯಾಲ ಬಟ್ಟಿ ಕೆಂಪದ ಅಂತ ನೀ ವಾಪಸ್ ಕಳಸ್ತಿ" ಎಂದರು. ಒಂದು ಬೂದು ಕೋಟು ನನ್ನ ಕೈಗಿಟ್ಟು, "ಕಣ್ಣು ಸುಳ್ಳ ಹೇಳಂಗಿಲ್ಲ ತಮ್ಮಾ. ಆದ್ರ ಬಾಜೂಮನಿಯವರ ಮಾತ ಭಾಳ ಕೇಳ್ತದ. ಬಣ್ಣದ ಮ್ಯಾಲ ಸಂಶಯ ಬರೂದಕ್ಕಿಂತ ಮೊದಲ ನಿನ್ನ ಬೆಳಕಿನ ಮ್ಯಾಲ ಸಂಶಯ ಪಡು" ಎಂದರು. ನನಗೆ ಅಂದು ಅದು ಅರ್ಥವಾಗಲಿಲ್ಲ. ಆ ಮಾತಿನ ಪೂರ್ತಿ ಅರ್ಥ ತಿಳಿದದ್ದು ನಿವೃತ್ತಿಯ ಹೊಸ್ತಿಲಲ್ಲಿ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ಶೇಡ್ ರೂಮಿನಲ್ಲಿ ಬೆಳ್ಳಗಿರುವುದೆಲ್ಲ ಬಿಳಿಯೂ ಅಲ್ಲ. ಹಾಲಿನ ಬಿಳಿ, ಸುಣ್ಣದ ಬಿಳಿ, ನೀಲಿ ಹಾಕಿದ ಧೋತರದ ಬಿಳಿ, ಇವನ್ನು ಅಕ್ಕಪಕ್ಕ ಇಟ್ಟು ನೋಡಿ. ಪ್ರತಿಯೊಂದೂ ಉಳಿದೆರಡನ್ನು ಮೈಲಿಗೆ ಮಾಡುತ್ತದೆ. ಅದನ್ನು ಕಂಡ ದಿನದಿಂದ ನನಗೆ ಹುಚ್ಚು ಹಿಡಿಯಿತು. ಬಸ್ಸಿನಲ್ಲಿ ಕೂತರೂ ಮುಂದಿನ ಸೀಟಿನವರ ಕಾಲರಿಗೂ ಬೆನ್ನಿಗೂ ಹೋಲಿಕೆ ನೋಡುತ್ತಿದ್ದೆ.

ಬೆಳಕು ಮಾಡುವ ಚೇಷ್ಟೆ ಇನ್ನೊಂದು. ನಮ್ಮ ಮ್ಯಾನೇಜರ್ ದೇಸಾಯಿ ಸಾಹೇಬರು ಕೆಲಸದಲ್ಲಿ ಖಡಕ್ಕು, ಮಾತಿನಲ್ಲಿ ಅದಕ್ಕಿಂತ ಖಡಕ್ಕು. ಒಮ್ಮೆ ಬೂದು ಬಣ್ಣದ ಶರ್ಟಿಗೆ ಬೇರೆ ಗಿರಣಿಯ ಬಟ್ಟೆಯಿಂದ ಕಾಲರ್ ಮಾಡಿಸಿದ್ದರು. ನಾನು ಹೊಂದುವುದಿಲ್ಲ ಎಂದೆ. "ನನ್ನ ಆಫೀಸಿಗಿ ತರ್ರಿ" ಎಂದರು. ಅಲ್ಲಿನ ಟ್ಯೂಬ್‌ಲೈಟಿನಲ್ಲಿ ಎರಡೂ ಅಣ್ಣತಮ್ಮಂದಿರಂತೆ ಒಂದೇ. "ನಿಮ್ಮ ಕಣ್ಣ ಟೆಸ್ಟ್ ಮಾಡಸ್ರಿ ಶರಣಪ್ಪನೋರೆ" ಎಂದು ನಕ್ಕರು. ನಾನು ಶರ್ಟು ಹಿಡಿದು ಅಂಗಳಕ್ಕೆ ನಡೆದೆ. ಅವರೂ ಹಿಂದೆ ಬಂದರು. ಬಿಸಿಲಿಗೆ ಬಂದದ್ದೇ ಕಾಲರ್ ನೇರಳೆ ಬಣ್ಣಕ್ಕೆ ತಿರುಗಿತು. ಸಾಹೇಬರು ಒಳಗೆ ಹೋಗಿ ನೋಡಿದರು, ಹೊರಗೆ ಬಂದು ನೋಡಿದರು, ಮತ್ತೆ ಒಳಗೆ ಹೋದರು. ಎರಡು ಬಣ್ಣಗಳು ಒಂದು ಬೆಳಕಿನಲ್ಲಿ ಜೋಡಿಯಾಗಿದ್ದು ಇನ್ನೊಂದರಲ್ಲಿ ಜಗಳವಾಡುವುದು ನಮ್ಮ ಕಸುಬಿನಲ್ಲಿ ನಿತ್ಯದ ಕಥೆ. ಅದಕ್ಕೇ ನಮ್ಮಲ್ಲಿ ದೀಪದ ಪೆಟ್ಟಿಗೆ ಒಂದಿತ್ತು. ಅದರೊಳಗೆ ಬಟ್ಟೆ ಇಟ್ಟು ಗುಂಡಿ ಒತ್ತಿದರೆ ಹಗಲಿನ ಬೆಳಕು, ಅಂಗಡಿಯ ಬೆಳಕು, ಮನೆಯ ಹಳದಿ ಬಲ್ಬಿನ ಬೆಳಕು ಒಂದಾದ ಮೇಲೊಂದು ಬರುತ್ತದೆ. ಕೊನೆಯ ಗುಂಡಿಗೆ ನೇರಳೆ ದೀಪ. ಬಟ್ಟೆಗೆ ಗಿರಣಿಯವರು ಹೊಳಪಿನ ಪುಡಿ ಹಾಕಿದ್ದರೆ ಆ ದೀಪದಲ್ಲಿ ಮೈಯೆಲ್ಲ ಮಿಂಚುತ್ತದೆ.

ನನ್ನ ನಿವೃತ್ತಿ ಹತ್ತಿರ ಬಂದಾಗ ಮಷೀನು ಬಂತು. ಉದ್ದನೆಯ ಮೇಜು, ಅದರ ಮೇಲೆ ಬಟ್ಟೆ ಉರುಳಿಕೊಂಡು ಹೋಗುತ್ತದೆ, ಮೇಲಿನಿಂದ ಕ್ಯಾಮೆರಾಗಳು ಅಂಚು, ನಡು, ಅಂಚು ಎಂದು ಉದ್ದಕ್ಕೂ ನೋಡುತ್ತವೆ. ಒಪ್ಪಿಗೆಯಾದ ಮಾದರಿ ಬಟ್ಟೆಯ ಬಣ್ಣವನ್ನು ಒಮ್ಮೆ ತೋರಿಸಿದರೆ ಸಾಕು, ಅದು ಅಂಕಿಗಳಲ್ಲಿ ನೆನಪಿಟ್ಟುಕೊಂಡು ಮುಂದಿನ ಪ್ರತಿ ರೋಲಿಗೂ ಎಷ್ಟು ಫರಕ್ಕು ಎಂದು ಪರದೆಯ ಮೇಲೆ ಹೇಳುತ್ತದೆ. ನಾವು ತುಂಡು ನೋಡುತ್ತಿದ್ದೆವು, ಅದು ಇಡೀ ರೋಲು ನೋಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಮತ್ಸರವಾಯಿತು. ಮತ್ಸರಕ್ಕಿಂತ ಹೆಚ್ಚಾಗಿ, ಅದಕ್ಕೆ ಬಣ್ಣ ಹೇಗೆ ಕಾಣುತ್ತದೆ ಎಂದು ತಿಳಿಯುವ ಆಸೆ ಹುಟ್ಟಿತು.

ಮಷೀನು ಕೂರಿಸಲು ಹೈದರಾಬಾದಿನಿಂದ ಇರ್ಫಾನ್ ಎಂಬ ಇಂಜಿನಿಯರ್ ಬಂದಿದ್ದ. ತಾಯಿಯ ತವರು ಚಿಂಚೋಳಿಯಾದ್ದರಿಂದ ನಮ್ಮ ಕನ್ನಡವನ್ನೇ ಹೈದರಾಬಾದಿ ಒಗ್ಗರಣೆ ಹಾಕಿ ಮಾತಾಡುತ್ತಿದ್ದ. ಮಷೀನು ನಡೆಸಲು ಆರಿಸಿದ್ದು ರೇಣುಕಾ ಎಂಬ ಹುಡುಗಿಯನ್ನು. ಕಾಳಗಿ ಕಡೆಯ ಹಳ್ಳಿಯವಳು, ಮನೆಯಲ್ಲಿ ಕುರಿ ಕಾಯುವ ವೃತ್ತಿ, ಚಿತ್ತಾಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದ್ದಳು. ಅದಕ್ಕೂ ಮೊದಲು ನಮ್ಮಲ್ಲೇ ಹೊಲಿದ ಶರ್ಟಿನ ದಾರ ಕತ್ತರಿಸುವ ಬೆಂಚಿನ ಮೇಲಿದ್ದಳು. ಸಾಹೇಬರು ಅವಳಿಗೆ ಹೇಳಿದ್ದು ಇಷ್ಟು: ದೀಪಾವಳಿಯವರೆಗೆ ಮಷೀನು ಸರಿಯಾಗಿ ನಡೆದರೆ ಅದು ಉಳಿಯುತ್ತದೆ, ನೀನೂ ಕಾಯಂ. ಅದು ವಾಪಸ್ ಹೋದರೆ ನೀನೂ ಊರಿಗೆ. ದಾರದ ಬೆಂಚಿನಲ್ಲಿ ಅವಳ ಜಾಗಕ್ಕೆ ಆಗಲೇ ಬೇರೆಯವರನ್ನು ಕೂರಿಸಿಯಾಗಿತ್ತು.

ಇರ್ಫಾನ್ ಕಲಿಸುವಾಗ ಅಂಗೈಯಗಲದ ಒಂದು ಬಿಳಿ ಬಿಲ್ಲೆ ತೆಗೆದು ತೋರಿಸಿದ. ಪಿಂಗಾಣಿಯದು, ಹೊಳಪಿಲ್ಲದ ಮೈ.

"ಇದು ಮಷೀನಿಂದು ಉಸ್ತಾದ್ ಅದ ನೋಡ್ರಿ, ಗುರು" ಎಂದ. "ರೋಜ್ ಮುಂಜಾನಿ ಮಷೀನ್ ಏಳ್ತದ, ಉಸ್ತಾದ್ ಮುಖ ನೋಡ್ತದ, ಬಿಳಿ ಅಂದ್ರ ಏನು ಅಂತ ಕಲೀತದ. ಆಮ್ಯಾಲ ದಿನಾ ಎಲ್ಲಾ ಅದೇ ಲೆಕ್ಕದಾಗ ನೋಡ್ತದ. ಉಸ್ತಾದ್ ಬಗೈರ್ ಇದು ಏನೂ ಇಲ್ಲ."

ರೇಣುಕಾ ಬಿಲ್ಲೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ನಾನು ಅದನ್ನು ನೋಡಿದೆ, ಆದರೆ ಅದರಿಂದ ಮುಂದೆ ಏನಾಗಬಹುದು ಎಂದು ಹೊಳೆಯಲಿಲ್ಲ.

ಮಷೀನು ಚೆನ್ನಾಗಿಯೇ ನಡೆಯಿತು. ದಸರಾ ಬಂತು. ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ನಮ್ಮ ಕಾರ್ಖಾನೆ ನೋಡಲು ಚೆಂದ. ಹೊಲಿಗೆ ಮಷೀನುಗಳಿಗೆಲ್ಲ ಚೆಂಡುಹೂವಿನ ಮಾಲೆ, ಕತ್ತರಿಗಳಿಗೆ ಕುಂಕುಮ, ಇಸ್ತ್ರಿ ಪೆಟ್ಟಿಗೆಗಳಿಗೆ ವಿಭೂತಿ. ಪೂಜೆ ಮಾಡುವಾಗ ನಮ್ಮ ಜನ ಹಣೆ ಹುಡುಕುತ್ತಾರೆ. ಲಾರಿಯವನು ಸ್ಟಿಯರಿಂಗಿಗೆ ಹಚ್ಚುತ್ತಾನೆ, ಕಿರಾಣಿಯವನು ತಕ್ಕಡಿಗೆ ಹಚ್ಚುತ್ತಾನೆ. ಯಾವುದಿಲ್ಲದೆ ಕಸುಬು ನಡೆಯದೋ ಅದಕ್ಕೆ ಪೂಜೆ. ಆ ದಿನ ಮಷೀನಿನ ಮೈಗೆ ಹೂವು ಹಾಕಿದವರು ಎಷ್ಟೋ ಜನ. ಅದರ ಹಣೆ ಯಾವುದು ಎಂದು ಗೊತ್ತಿದ್ದವಳು ಒಬ್ಬಳೇ. ಗದ್ದಲದಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.

ರಜೆ ಮುಗಿಸಿ ಬನ್ನಿ ಹಂಚಿಕೊಂಡು ಕೆಲಸಕ್ಕೆ ಕೂತೆವು. ಯಾವುದೋ ಕಂಪನಿಯ ಸಮವಸ್ತ್ರಕ್ಕೆಂದು ತಿಳಿನೀಲಿ ಬಟ್ಟೆ ಬಂದಿತ್ತು. ಮಷೀನು ಮೊದಲ ರೋಲನ್ನು ಫೇಲ್ ಮಾಡಿತು: ನೀಲಿ ಹೆಚ್ಚು. ಎರಡನೆಯದೂ ನೀಲಿ ಹೆಚ್ಚು. ರಜೆಗೆ ಮೊದಲು ತಾನೇ ಪಾಸ್ ಮಾಡಿದ್ದ ರೋಲನ್ನು ಮತ್ತೆ ಉರುಳಿಸಿದೆವು. ಅದೂ ಫೇಲ್. ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇದ್ದವು.

ನೀವು ಈ ಕೆಲಸಕ್ಕೆ ಬರುವವರಾದರೆ ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಎಂದು ಹೇಳುತ್ತೇನೆ. ಮೊದಲು ಧೂಳು. ನಮ್ಮೂರಲ್ಲಿ ಸಿಮೆಂಟಿನ ಧೂಳು ಕರೆಯದೆ ಬರುವ ನೆಂಟ. ದೀಪಗಳ ಗಾಜು ಒರೆಸಿದೆವು. ಆಮೇಲೆ ಬಿಸಿ. ಇಸ್ತ್ರಿಯ ಕಾವು ಆರದ ಬಟ್ಟೆ ಬೇರೆ ಬಣ್ಣ ತೋರಿಸುತ್ತದೆ, ಆರಿದ ಮೇಲೆ ಸುಮ್ಮನಾಗುತ್ತದೆ. ನಮ್ಮ ಬಟ್ಟೆ ಆರಿಯೇ ಇತ್ತು. ಆಮೇಲೆ ತೇವ. ಒದ್ದೆ ಬಟ್ಟೆ ಗಾಢವಾಗಿ ಕಾಣುವುದು ಒಗೆಯುವವರಿಗೆಲ್ಲ ಗೊತ್ತು. ಅದೂ ಅಲ್ಲ. ಮಧ್ಯಾಹ್ನಕ್ಕೆ ಕತ್ತರಿಸುವ ಮೇಜು ಬಟ್ಟೆಯಿಲ್ಲದೆ ಖಾಲಿಯಾಯಿತು. ಸಾಹೇಬರು ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದರು.

ಇರ್ಫಾನ್‌ಗೆ ಫೋನ್ ಮಾಡಿದೆವು. "ರೋಲ್ ಛೋಡ್ರಿ. ಒಪ್ಪಿಗಿ ಆದ ಮಾದರಿ ತುಂಡೇ ಅದಕ್ಕ ತೋರ್ಸ್ರಿ" ಎಂದ. ಒಳ್ಳೆಯ ಯುಕ್ತಿ. ತೋರಿಸಿದೆವು. ಯಾವ ತುಂಡನ್ನು ನೋಡಿ ಅದು ನೀಲಿ ಕಲಿತಿತ್ತೋ ಅದೇ ತುಂಡನ್ನು ನೀಲಿ ಹೆಚ್ಚೆಂದು ಫೇಲ್ ಮಾಡಿತು. ಬಟ್ಟೆ ನಿರಪರಾಧಿ ಎಂದು ಅಲ್ಲಿಗೆ ತೀರ್ಮಾನವಾಯಿತು.

"ಬಿಲ್ಲಿ ಸಾಫ್ ಅದೇನು?" ಎಂದು ಇರ್ಫಾನ್ ಕೇಳಿದ.

"ಸಾಫ್ ಅದರಿ" ಎಂದಳು ರೇಣುಕಾ. ನಾನೂ ನೋಡಿದೆ. ಬಿಳಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಮಷೀನು ಮಾತು ಬದಲಿಸಿತು. ಈಗ ಎಲ್ಲ ರೋಲೂ ಹಸಿರು ಹೆಚ್ಚು.

ಸಾಹೇಬರು ಪರದೆಯನ್ನೇ ನೋಡುತ್ತ ನಿಂತರು. "ನಿನ್ನೆ ನೀಲಿ ಅಂತು, ಇವತ್ತ ಹಸರ ಅನ್ಲಿಕತ್ತದ. ನಾಳಿ ಏನಂತದ ಅಂತ ಜೋತಿಷ್ಯ ಕೇಳೋಣೇನು?" ಎಂದರು. ಆಮೇಲೆ ರೇಣುಕಾಳ ಕಡೆ ತಿರುಗಿ, "ಮಷೀನಿಗಿ ಬರಂಗಿಲ್ಲೋ, ನಡಸೋರಿಗಿ ಬರಂಗಿಲ್ಲೋ, ನನಗ ಬೇಕಾಗಿಲ್ಲ. ಈ ವಾರ ನೋಡ್ತೀನಿ. ಇಲ್ಲಂದ್ರ ಅದನ್ನ ಕಟ್ಟಿ ಕಳಸ್ತೀನಿ" ಎಂದರು. ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ನೀವು ಇನ್ನೊಂದೆರಡು ವರ್ಷ ಇರ್ರಿ ಶರಣಪ್ಪನೋರೆ. ಹಳೀ ಪದ್ಧತಿನೇ ಛೊಲೋ" ಎಂದರು.

ಮಷೀನು ಹೋದರೆ ನಾನು ಇರುತ್ತಿದ್ದೆ. ಅದು ಇದ್ದರೆ ನಾನು ಹೊರಡುತ್ತಿದ್ದೆ. ಆ ಮಧ್ಯಾಹ್ನ ನಾನು ಖುಷಿಯಿಂದ ರೊಟ್ಟಿ ತಿನ್ನಬೇಕಿತ್ತು. ತಿನ್ನಲಾಗಲಿಲ್ಲ. ಅದಕ್ಕೆ ನನ್ನ ಒಳ್ಳೆಯತನ ಕಾರಣ ಎಂದು ಯಾರೂ ತಿಳಿಯಬಾರದು. ಕಾರಣ ಕುತೂಹಲ. ಕೆಟ್ಟ ಗಡಿಯಾರ ಒಂದೇ ಕಡೆ ನಿಂತಿರುತ್ತದೆ. ಇದು ನಿನ್ನೆ ಒಂದು ದಿಕ್ಕಿಗೆ ತಪ್ಪಿ, ಇಂದು ಇನ್ನೊಂದು ದಿಕ್ಕಿಗೆ ಯಾಕೆ ತಪ್ಪಿತು?

ರೇಣುಕಾ ಮೂಲೆಯಲ್ಲಿ ಡಬ್ಬಿ ತೆರೆಯದೆ ಕೂತಿದ್ದಳು. "ಯವ್ವಾ, ನಿನ್ನೆ ಸಂಜೀಕೂ ಇವತ್ತ ಮುಂಜಾನಿಗೂ ನಡುವ ಏನರೆ ಮಾಡ್ದೇನು?" ಎಂದು ಕೇಳಿದೆ.

"ಏನಿಲ್ರಿ ಕಾಕಾ" ಎಂದಳು. ಆಮೇಲೆ ನೆನಪಾಗಿ, "ಇರ್ಫಾನ್ ಸರ ಕೇಳಿದ್ರಲ್ಲ, ಅದಕ್ಕ ಬಿಲ್ಲಿ ತೊಳದೆ. ಸಾಬಾನ ಹಚ್ಚಿ" ಎಂದಳು.

ಬಿಲ್ಲೆ ತೊಳೆದರೆ ಮಷೀನು ಮಾತು ಬದಲಿಸುತ್ತದೆ ಎಂದಾದರೆ, ಮಾತೆಲ್ಲ ಬಿಲ್ಲೆಯದೇ. ಇಬ್ಬರೂ ಎದ್ದು ಅದನ್ನು ದೀಪದ ಪೆಟ್ಟಿಗೆಯಲ್ಲಿ ಇಟ್ಟೆವು. ಹಗಲಿನ ಬೆಳಕು ಹಾಕಿದೆ, ಬಿಳಿ. ಅಂಗಡಿಯ ಬೆಳಕು, ಬಿಳಿ. ಹಳದಿ ಬಲ್ಬು, ಅದರಲ್ಲಿ ಏನೂ ಗೊತ್ತಾಗುವ ಹಾಗಿಲ್ಲ. "ಕಡೀದ್ದೂ ಹಚ್ರಿ ಕಾಕಾ" ಎಂದಳು ರೇಣುಕಾ. ನೇರಳೆ ದೀಪದ ಗುಂಡಿ ಒತ್ತಿದೆ.

ಬಿಲ್ಲೆ ಕತ್ತಲಾಯಿತು. ಅದರ ಮೇಲೆ ಮೂರು ಬೆರಳಿನ ಗೆರೆಗಳು ಹಸಿರುಹಳದಿಯಾಗಿ ಬೆಳಗಿದವು. ಹಣೆಗೆ ಹಚ್ಚಿದ ಹಾಗೆ, ಅಡ್ಡಕ್ಕೆ, ಒಂದರ ಕೆಳಗೊಂದು.

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಚೆಂದದ್ದನ್ನು ನಾನು ಕಂಡಿರಲಿಲ್ಲ. ರೇಣುಕಾ ಮಾತ್ರ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು.

"ನಾನೇ ಹಚ್ಚಿದ್ದು ಕಾಕಾ" ಎಂದಳು. "ನಮ್ಮ ಮನ್ಯಾಗ ಮೈಲಾರಲಿಂಗಂದು ಭಂಡಾರ ಹಚ್ಚದೆ ಪೂಜಿ ಇಲ್ರಿ. ಉಸ್ತಾದ್ ಅಂತ ಅವರೇ ಅಂದಿದ್ರಲ್ಲ. ಉಸ್ತಾದಿಗಿ ಬಿಟ್ಟು ಮಷೀನಿಗಿ ಪೂಜಿ ಮಾಡಿದ್ರ ಏನ್ ಚಂದ ಅಂತ ಹಚ್ಚಿ, ಆಗಿಂದಾಗೇ ಒರಸಿಟ್ಟೆ. ಬಿಳಿನೇ ಕಂಡಿತ್ರಿ."

ಭಂಡಾರ ಎಂದರೆ ಅರಿಶಿನದ ಪುಡಿ. ಒರೆಸಿದರೂ ಹೊಳಪಿಲ್ಲದ ಮೈಯಲ್ಲಿ ಅದರ ಅಂಶ ಉಳಿದಿತ್ತು. ನಮ್ಮ ಕಣ್ಣಿಗೆ ಕಾಣದಷ್ಟು, ಮಷೀನಿಗೆ ಕಾಣುವಷ್ಟು. ಅದು ಬೆಳಿಗ್ಗೆ ಎದ್ದು ಉಸ್ತಾದನ ಮುಖ ನೋಡಿ, ಹಳದಿ ಮಿಶ್ರಿತ ಬಿಳಿಯನ್ನೇ ಬಿಳಿ ಎಂದು ಕಲಿತಿತ್ತು. ಹಾಗೆ ಕಲಿತ ಮೇಲೆ ಜಗತ್ತೆಲ್ಲ ನೀಲಿಯಾಗಿ ಕಾಣದೆ ಇರುತ್ತದೆಯೇ? ಆಮೇಲೆ ಸಾಬೂನು. ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪು ಆರತಿ ನೀರಾಗುವುದು ನಮ್ಮ ಮನೆಗಳಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಸಾಬೂನಿನ ಗುಣವೂ ಸುಣ್ಣದ್ದೇ. ಬಿಲ್ಲೆ ಎಳ್ಳಷ್ಟು ಕೆಂಪಾಯಿತು, ಮಷೀನಿಗೆ ಜಗತ್ತು ಹಸಿರಾಯಿತು. ಪಾಪದ್ದು, ಅದು ಕಲಿತದ್ದನ್ನು ಚಾಚೂ ತಪ್ಪದೆ ಹೇಳುತ್ತಿತ್ತು. ನಾನಾಗಿದ್ದರೆ ವಿಭೂತಿ ಹಚ್ಚುತ್ತಿದ್ದೆ, ಆಗ ಬೇರೆ ತರಹದ ಫಜೀತಿ ಆಗುತ್ತಿತ್ತು.

ಫೋನಿನಲ್ಲಿ ಇರ್ಫಾನ್ ಬಹಳ ಹೊತ್ತು ನಕ್ಕ. ಆಮೇಲೆ ಗಂಭೀರನಾಗಿ, "ಗಲತಿ ನಂದೇ ಅದ. ಉಸ್ತಾದ್ ಅಂದೆ, ಉಸ್ತಾದಿಗಿ ಯಾರೂ ಕೈ ಹಚ್ಚಬ್ಯಾಡ್ರಿ ಅಂತ ಹೇಳಲಿಲ್ಲ. ಇನ್ನ ತಿಕ್ಕಬ್ಯಾಡ್ರಿ, ಮೈ ಸವೀತದ. ನಾ ಇನ್ನೊಂದು ಬಿಲ್ಲಿ ತಗೊಂಡು ಬರ್ತೀನಿ" ಎಂದ.

"ಸೀರಿಗಿ ಅರಿಶಿಣ ಹತ್ತಿದ್ರ ನಮ್ಮವ್ವ ತಿಕ್ಕಂಗಿಲ್ರಿ ಕಾಕಾ, ಬಿಸಿಲಿಗಿ ಹಾಕ್ತಾಳ" ಎಂದಳು ರೇಣುಕಾ. ಅದನ್ನೂ ಇರ್ಫಾನ್‌ಗೆ ಕೇಳಿದೆವು. ಬಿಸಿಲು ಬಿಲ್ಲೆಯನ್ನು ಕೆಡಿಸುವುದಿಲ್ಲ, ಹಾಕಿ ನೋಡಿ, ಆದರೆ ನಾನು ಬಂದು ಹೊಸದರ ಜೊತೆ ತಾಳೆ ನೋಡುವವರೆಗೆ ಮಷೀನಿಗೆ ತೋರಿಸಬೇಡಿ ಎಂದ.

ನಮ್ಮ ಕಡೆ ಯಾವುದಕ್ಕೆ ಕೊರತೆಯಿದ್ದರೂ ಬಿಸಿಲಿಗಿಲ್ಲ. ಗೇಟಿನ ಹತ್ತಿರ ಶಹಾಬಾದಿ ಕಲ್ಲಿನ ಮೆಟ್ಟಿಲ ಮೇಲೆ ಬಿಲ್ಲೆ ಇಟ್ಟು, ಧೂಳು ಕೂರದಂತೆ ಮೇಲೊಂದು ಗಾಜಿನ ಬಟ್ಟಲು ಮುಚ್ಚಿ, ರೇಣುಕಾ ಸಂಡಿಗೆ ಕಾಯುವವಳಂತೆ ಪಕ್ಕದಲ್ಲಿ ಕೂತಳು. ದೇಸಾಯಿ ಸಾಹೇಬರು ಅದೇ ದಾರಿಯಲ್ಲಿ ಬಂದರು.

"ಏನ್ ಕಾಯ್ಲಕತ್ತಿದಿ?"

ಹುಡುಗಿ ಎದ್ದು ನಿಂತಳು. ನಾನು ಏನಾದರೂ ಸುತ್ತಿ ಬಳಸಿ ಹೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: "ಬಿಲ್ಲಿಗಿ ನಾನೇ ಭಂಡಾರ ಹಚ್ಚಿದ್ದೆ ಸರ. ಅದಕ್ಕ ಮಷೀನ್ ತಪ್ಪ ಹೇಳ್ತು. ಮಷೀನಿಂದು ತಪ್ಪಿಲ್ರಿ."

ಕಾಯಂ ಆಗಬೇಕಾದ ಹುಡುಗಿ ತನ್ನ ಕೊರಳಿಗೆ ತಾನೇ ಉರುಳು ಹಾಕಿಕೊಂಡಳಲ್ಲ ಎಂದುಕೊಂಡೆ. ಸಾಹೇಬರು ಬಟ್ಟಲನ್ನೂ ಅವಳನ್ನೂ ನೋಡಿದರು. "ಶನಿವಾರ ನನ್ನ ಮುಂದ ನಡಸು. ಶರಣಪ್ಪನೋರು ಬ್ಯಾರೆ ನೋಡ್ಲಿ, ನೀನು ಮಷೀನು ಬ್ಯಾರೆ ನೋಡ್ರಿ. ಎರಡೂ ಕೂಡಿದ್ರ ನೀ ಇರ್ತಿ" ಎಂದು ಹೇಳಿ ಹೋದರು.

ಶನಿವಾರ ಬೆಳಿಗ್ಗೆ ಇರ್ಫಾನ್ ಹೈದರಾಬಾದಿನ ರೈಲಿಗೆ ಬಂದಿಳಿದ. ಬಿಸಿಲು ಉಂಡ ಬಿಲ್ಲೆಯನ್ನು ನೇರಳೆ ದೀಪದಲ್ಲಿ ಇಟ್ಟೆವು, ಗೆರೆಗಳಿರಲಿಲ್ಲ. ಹೊಸ ಬಿಲ್ಲೆಯ ಜೊತೆ ತಾಳೆ ಹಾಕಿದ, ಎರಡೂ ಒಂದೇ. ಮಾದರಿ ಬಟ್ಟೆ ತೋರಿಸಿದರೆ ಮಷೀನು ತಕರಾರಿಲ್ಲದೆ ಪಾಸ್ ಮಾಡಿತು.

ಸಾಹೇಬರು ಪರೀಕ್ಷೆಗೆ ಬಿಳಿ ಬಟ್ಟೆಯ ರೋಲುಗಳನ್ನು ಆರಿಸಿದ್ದರು. ಬಿಳಿಯೇ ಎಲ್ಲಕ್ಕಿಂತ ಕಠಿಣ ಎಂದು ಅವರಿಗೆ ನಾನೇ ಹೇಳಿಕೊಟ್ಟಿದ್ದೆ. ನಾನು ತುಂಡುಗಳನ್ನು ನೋಡಿ ಕೆಲವನ್ನು ಬದಿಗಿಟ್ಟೆ. ಮಷೀನು ಅವನ್ನೇ ಬದಿಗಿಟ್ಟಿತು, ಜೊತೆಗೆ ಇನ್ನೊಂದನ್ನೂ. ಅದು ಹಳದಿ ಎಂದು ಮಷೀನಿನ ಮಾತು. ನಾನು ಅದನ್ನು ಪಾಸ್ ಮಾಡಿದ್ದೆ. ಮತ್ತೆ ನೋಡಿದೆ, ಮಾದರಿಗೂ ಅದಕ್ಕೂ ನನಗೆ ಫರಕ್ಕೇ ಕಾಣಲಿಲ್ಲ.

"ಬಿಲ್ಲಿಗಿ ಮತ್ತೇನರೆ ಹಚ್ಚೀದೇನು ನೋಡವ್ವ" ಎಂದರು ಸಾಹೇಬರು. ನನ್ನ ಕಡೆ ತಿರುಗಿ, "ನೀವು ಹೇಳಿದ್ದೇ ಫೈನಲ್ ಶರಣಪ್ಪನೋರೆ" ಎಂದರು.

ಬಿಲ್ಲೆ ಆಗಷ್ಟೇ ತಾಳೆಯಾದದ್ದು. ನಾನು ರೇಣುಕಾಳನ್ನು ಕೇಳಿದೆ: "ಪರದಿ ನೋಡಬ್ಯಾಡ. ನಿನ್ನ ಕಣ್ಣಿಗಿ ಏನ್ ಕಾಣಸ್ತದ ಹೇಳು."

ಅವಳು ತುಂಡನ್ನು ದೀಪದ ಪೆಟ್ಟಿಗೆಯಲ್ಲಿ ಮಾದರಿಯ ಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ನನ್ನ ಮಾತಿಗೆ ಹೂಂ ಅಂದಿದ್ದರೆ ಎರಡು ಕಣ್ಣು ಒಂದಾಗುತ್ತಿದ್ದವು, ತಪ್ಪು ಮಷೀನಿನ ಮೇಲೆ ಹೋಗುತ್ತಿತ್ತು. ಅವಳ ಕೆಲಸವೂ ಅದರ ಜೊತೆ ಹೋಗುತ್ತಿತ್ತು. ನನಗೆ ಎದುರಾಡಿದರೂ ಸಾಹೇಬರು ನಂಬುವುದು ನನ್ನನ್ನೇ. ಅದು ಅವಳಿಗೂ ಗೊತ್ತಿತ್ತು.

"ಹಳದಿ ಅದರಿ ಕಾಕಾ" ಎಂದಳು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ಬಟ್ಟೆ ನೋಡಿಯಾಗಿತ್ತು, ದೀಪ ನೋಡಿಯಾಗಿತ್ತು, ಬಿಲ್ಲೆ ನೋಡಿಯಾಗಿತ್ತು. ಅಲ್ಲಿ ಪರೀಕ್ಷೆಯಾಗದೆ ಉಳಿದದ್ದು ಒಂದೇ ಎಂದು ಆಗ ಹೊಳೆಯಿತು. ಕನ್ನಡಕ ತೆಗೆದೆ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದೆ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದೆ.

ಎರಡು ಬಿಳಿಗಳಿದ್ದವು. ಎಡಗಣ್ಣಿನಲ್ಲಿ ಮಾದರಿ ಬೆಳ್ಳಗೆ, ಪಕ್ಕದ ತುಂಡು ಒಂದು ಎಳೆ ಹಳದಿ. ಬಲಗಣ್ಣಿನಲ್ಲಿ ಮಾದರಿ, ತುಂಡು, ಗೋಡೆ, ಸಾಹೇಬರ ಶರ್ಟು ಎಲ್ಲವೂ ಒಂದೇ ಕೆನೆಯಲ್ಲಿ ಅದ್ದಿದ ಹಾಗೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ನಾನು ಎಷ್ಟು ಜನರಿಗೆ ಚುಚ್ಚಿ ಹೇಳಿದ್ದೆನೋ! ಈ ಸಲ ಭಂಡಾರ ಹತ್ತಿದ್ದು ನನ್ನ ಕಣ್ಣಿಗೆ. ಹೆದರಿದ್ದು ನಿಜ. ಆದರೆ ಒಂದೇ ತಲೆಯಲ್ಲಿ ಎರಡು ದೀಪಗಳಿವೆ ಎಂದು ತಿಳಿದ ಬೆರಗು ಅದಕ್ಕಿಂತ ದೊಡ್ಡದಾಗಿತ್ತು. ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆಯುತ್ತ, ಮತ್ತೆ ಮುಚ್ಚುತ್ತ ನಿಂತೇ ಇದ್ದೆ.

"ಏನಾಯ್ತ್ರಿ?" ಎಂದರು ಸಾಹೇಬರು ಗಾಬರಿಯಿಂದ.

"ನನ್ನ ಬಲಗಣ್ಣಿಗಿ ಪೊರೆ ಬಂದಂಗದರಿ ಸಾಹೇಬ್ರೆ" ಎಂದೆ. "ಹುಡುಗಿ ಖರೇ ಹೇಳ್ಯಾಳ. ಮಷೀನೂ ಖರೇ ಹೇಳ್ಯದ. ಆ ರೋಲ್ ಹಳದಿನೇ ಅದ. ನಾ ಹೇಳಿದ್ದೇ ಫೈನಲ್ ಅಂದ್ರಲ್ಲ, ಇದೇ ಫೈನಲ್."

ಸಾಹೇಬರು ತಾವೂ ಒಮ್ಮೆ ಬಗ್ಗಿ ಪೆಟ್ಟಿಗೆಯೊಳಗೆ ನೋಡಿದರು. ಆಮೇಲೆ ಇರ್ಫಾನ್‌ನ ಕಡೆ ನೋಡಿ, "ಮಷೀನ್ ಇರ್ಲಿ" ಎಂದರು. ರೇಣುಕಾಳ ಕಡೆ ನೋಡಿ, "ನೀನೂ ಇರವ್ವ. ಬಂಗಾರದಂಗ ಇರು" ಎಂದರು. ಬನ್ನಿ ಕೊಡುವಾಗ ಹೇಳುವ ಮಾತು ಅದು. ಖಡಕ್ ಮನುಷ್ಯ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ರೇಣುಕಾ ಅತ್ತಳು. ನನಗೂ ಕಣ್ಣು ತುಂಬಿತು, ಎರಡೂ ಕಣ್ಣು.

ನಾನು ಆ ವರ್ಷವೇ ನಿವೃತ್ತನಾದೆ. ಕಲಬುರಗಿಯಲ್ಲಿ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಆ ಕಣ್ಣಿಗೆ ಆಸ್ಪತ್ರೆಯ ಚಾದರ ನೀಲಿ ಹಾಕಿ ಒಗೆದಂತೆ ಕಂಡಿತು. ಎಷ್ಟು ನೀಲಿ ಎಂದು ನರ್ಸನ್ನು ಕೇಳಿದರೆ ಆಕೆ ಡಾಕ್ಟರನ್ನು ಕರೆದಳು. ಹೊಸ ಮಕ್ಕಳೇ, ನಿಮಗೆ ನನ್ನ ಬುದ್ಧಿಮಾತು ಇಷ್ಟೇ: ಮಷೀನು ಹೇಳಿದ್ದನ್ನು ಸುಮ್ಮನೆ ಒಪ್ಪಬೇಡಿ, ಸುಮ್ಮನೆ ತಳ್ಳಲೂ ಬೇಡಿ. ಅದು ಬೆಳಿಗ್ಗೆ ಯಾರ ಮುಖ ನೋಡಿ ಎದ್ದಿದೆ ಎಂದು ಮೊದಲು ಕೇಳಿ. ಅದೇ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ.

ಮರುವರ್ಷ ಖಂಡೇ ಪೂಜೆಗೆ ರೇಣುಕಾ ಫೋನ್ ಮಾಡಿ ಕರೆದಳು. ಹೋದೆ. ಬಿಲ್ಲೆಗೆ ಈಗ ಗಾಜಿನ ಬಾಗಿಲಿನ ಪುಟ್ಟ ಕಪಾಟು, ಬೀಗ ಬೇರೆ. ಮೇಲೆ ಅವಳದೇ ಅಕ್ಷರ: 'ಕೈ ಮುಗಿಯಿರಿ, ಮುಟ್ಟಬೇಡಿ.' ಮಷೀನಿಗೆ ಚೆಂಡುಹೂವಿನ ಮಾಲೆ ಹಾಕಿಯಾಗಿತ್ತು. ಅವಳ ಕೈಯಲ್ಲಿ ಭಂಡಾರದ ಬಟ್ಟಲು.

"ಮತ್ತ ತಂದೇನವ್ವ?" ಎಂದು ಕಾಡಿಸಿದೆ.

"ಉಸ್ತಾದಿಗಿ ಬಿಟ್ಟು ಪೂಜಿ ಹೆಂಗ ಮಾಡೋದ್ರಿ ಕಾಕಾ?"

"ಉಸ್ತಾದ್ ಬೀಗದಾಗ ಅದಾನಲ್ಲ."

"ಆ ಉಸ್ತಾದ್ ಅಲ್ರಿ" ಎಂದಳು. ಮೂರು ಬೆರಳು ಬಟ್ಟಲಲ್ಲಿ ಅದ್ದಿ ನನ್ನ ಹಣೆಗೆ ಅಡ್ಡಕ್ಕೆ ಎಳೆದಳು. ಆಮೇಲೆ ಬಣ್ಣ ನೋಡುವವಳ ಕಣ್ಣಿನಿಂದ ಗೆರೆಗಳು ನೆಟ್ಟಗಿವೆಯೇ ಎಂದು ನೋಡಿ, "ಹೋಗುವಾಗ ತಲಿ ಮ್ಯಾಲ ಟಾವೆಲ್ ಹಾಕ್ಕೋರಿ. ಬಿಸಿಲಿಗಿ ಬಣ್ಣ ಹೋಗ್ತದ" ಎಂದಳು.

ವಾಡಿ ಸ್ಟೇಷನ್ ಮುಟ್ಟುವವರೆಗೂ ನಾನು ತಲೆಯ ಮೇಲಿನ ಟವೆಲ್ ತೆಗೆಯಲಿಲ್ಲ.